ಅಂಬಾರಾಯ ಬರೆಯದ ಕಥೆ

ಸೇಡಂ ತಾಲೂಕು ಕಚೇರಿಯ ಆವಕ-ಜಾವಕ ಗುಮಾಸ್ತ ಅಂಬಾರಾಯ ಕಥೆ ಬರೆಯುವ ಪೈಕಿ ಅಲ್ಲ. ಕಥೆಯ ಮಾತು ಹಾಗಿರಲಿ, ತನ್ನ ರಜೆ ಅರ್ಜಿಯನ್ನೂ ಪಕ್ಕದ ಮೇಜಿನವರಿಂದ ಬರೆಸಿ ಕೆಳಗೆ ಸಹಿ ಮಾತ್ರ ತಾನು ಹಾಕುತ್ತಿದ್ದ. ಬಂದ ಕಾಗದಕ್ಕೊಂದು ಮೊಹರು, ಹೋಗುವ ಕಾಗದಕ್ಕೊಂದು ಮೊಹರು, ಅಲ್ಲಿಗೆ ಅವನ ಅಕ್ಷರಸೇವೆ ಮುಗಿಯಿತು. ಇಂಥವನು ಎಪ್ಪತ್ತೆಂಟನೇ ಇಸವಿಯ ಒಂದು ಮಧ್ಯಾಹ್ನ, ಕುಡಿಯಲು ತರಿಸಿದ ಚಹಾ ಆರುವುದರೊಳಗೆ ಸಾಹಿತಿಯಾಗಿಬಿಟ್ಟ. ತಪ್ಪು ಪೂರ್ತಿ ಅವನದಲ್ಲ. ಅರ್ಧ ಮಾತ್ರ ಅವನದು.

ಚಿಂಚೋಳಿಯ ನಿವೃತ್ತ ಶಾಲಾ ಇನ್‌ಸ್ಪೆಕ್ಟರ್ ಗೊಲ್ಲಾಳಪ್ಪನವರು ತಮ್ಮ ಆತ್ಮಕಥೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ತಾವು ಒಂದು ಕಾಲಕ್ಕೆ ತಪಾಸಣೆ ಮಾಡಿದ್ದ ಊರುಗಳಿಗೆಲ್ಲ ಬಿಟ್ಟಿಯಾಗಿ ಹಂಚಿದ್ದರು. ಕಚೇರಿಗೆ ಬಂದ ಪ್ರತಿಯನ್ನು ಶಿರಸ್ತೇದಾರರು ತಮ್ಮ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕುತ್ತ ತಿರುವಿ ಹಾಕಿದರು. ಅವರ ಹೆಸರು ಸಿಗಲಿಲ್ಲ, ಬೇರೊಂದು ಸಿಕ್ಕಿತು. ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕೂತಾಗ 'ಕಾಗಿಣಾ ವಾಣಿ' ಎಂಬ ಮಾಸಪತ್ರಿಕೆಯಲ್ಲಿ ಅಂಬಾರಾಯ ಸೇಡಂ ಎಂಬುವರ 'ರುಮಾಲು' ಎಂಬ ಸಣ್ಣ ಕಥೆ ಓದಿದೆನೆಂದೂ, ಮುಗಿಸುವ ಹೊತ್ತಿಗೆ ಕಣ್ಣಿಂದ ದಳದಳ ನೀರಿಳಿಯಿತೆಂದೂ, ಅಂಥ ಕಥೆಯನ್ನು ಮತ್ತೆ ಓದಲಿಲ್ಲವೆಂದೂ ಗೊಲ್ಲಾಳಪ್ಪನವರು ಬರೆದಿದ್ದರು. ಶಿರಸ್ತೇದಾರರು ಇದನ್ನು ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿಂದ ಆವಕ-ಜಾವಕದ ಮೇಜಿನ ಕಡೆ ನೋಡಿದರು. ಅವರ ಹಿಂದೆಯೇ ಇಡೀ ಕಚೇರಿ ನೋಡಿತು.

ಆಗ 'ನಾ ಅಲ್ರಿ' ಎಂದು ಎರಡು ಮಾತು ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಚೇರಿಯ ಮಂದಿ ಅಂಬಾರಾಯನ ಕಡೆ ನೋಡುತ್ತಿದ್ದುದು ಕಾಗದ ಕಳೆದಾಗ ಮಾತ್ರ. ಇಷ್ಟು ಜನ ಒಟ್ಟಿಗೆ, ಅದೂ ಮೆಚ್ಚಿಕೊಂಡು ನೋಡಿದ್ದು ಇದೇ ಮೊದಲು. ಅವನು ಚಹಾ ಒಂದು ಗುಟುಕು ಹೀರಿ, ಕಪ್ಪು ಮೆಲ್ಲಗೆ ಕೆಳಗಿಟ್ಟ.

"ಅದೆಲ್ಲಾ ಹಳೀ ಮಾತು, ಬಿಡ್ರಿ," ಎಂದ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ. ಅವನ ಹೆಸರು ಕೂಡ ಗೊತ್ತಿಲ್ಲದ ತಹಶೀಲ್ದಾರರು ಕರೆಸಿ ಕುರ್ಚಿ ಕೊಟ್ಟರು. ಹೋಟೆಲಿನವನು ಚಹಾದ ಮೇಲೆ ಕೆನೆ ಬಿಟ್ಟ. ಪಕ್ಕದ ಮನೆಯ ಮರೆಮ್ಮ ಬಂದು, ತನ್ನ ನೆಗೆಣ್ಣಿಯ ಮೇಲೂ ಒಂದು ಕಥೆ ಬರೆಯಬೇಕು, ಹೆಸರು ಬದಲಿಸುವ ಅಗತ್ಯವಿಲ್ಲ ಎಂದು ಹೇಳಿ ಹೋದಳು. ಮುನಿಸಿಕೊಂಡವಳು ಹೆಂಡತಿ ಸಾಬಮ್ಮ ಒಬ್ಬಳೇ. ತಾನು ತವರಿಗೆ ಹೋದಾಗ ಒಂದು ಕಾರ್ಡು ಗೀಚಲಾರದ ಮನುಷ್ಯ ಕಂಡವರ ಕಣ್ಣಲ್ಲಿ ನೀರು ತರಿಸುವಂತೆ ಬರೆದಿದ್ದಾನಲ್ಲ ಎಂದು ಅವಳಿಗೆ ಸಂಕಟವಾಗಿತ್ತು.

ಸುದ್ದಿ ರೈಲು ಹತ್ತಿ ಶಹಾಬಾದಿಗೂ ಹೋಯಿತು. ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ ಅಮೃತಪ್ಪ ಸಾಹುಕಾರರಿದ್ದರು. ಅವರ ಮಗ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರು. ಆ ಹುಡುಗ ಯಾರದೋ ಮದುವೆಯಲ್ಲಿ ಅಂಬಾರಾಯನ ಮಗಳು ಗುರುದೇವಿಯನ್ನು ನೋಡಿ ಒಪ್ಪಿದ್ದ, ಅವಳೂ ಒಪ್ಪಿದ್ದಳು. ಗುಮಾಸ್ತನ ಮನೆಯ ಹೆಣ್ಣೆಂದು ಸಾಹುಕಾರರು ಮಾತ್ರ ಹ್ಞೂಂ ಅನ್ನದೆ ಊಹೂಂ ಅನ್ನದೆ ದಿನ ತಳ್ಳುತ್ತಿದ್ದರು. ಈಗ ತಾವೇ ಪ್ಯಾಸೆಂಜರ್ ಗಾಡಿ ಹಿಡಿದು ಸೇಡಂಗೆ ಬಂದರು. ಸಾಹಿತಿಗಳ ಮನೆಯೆಂದು ತಿಳಿಯದೆ ತಡ ಮಾಡಿದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಕೈ ಮುಗಿದರು. ಚುಣಮುರಿ ತಿನ್ನುತ್ತ, ರುಮಾಲಿನ ಕಥೆ ಯಾವುದರ ಮೇಲಿದೆ ಎಂದು ಕೇಳಿದರು.

ಅಂಬಾರಾಯನಿಗೆ ಗೊತ್ತಿದ್ದುದು ಎರಡೇ, ಹೆಸರು ರುಮಾಲು, ಓದಿದವರಿಗೆ ಕಣ್ಣೀರು. ಆ ಎರಡನ್ನೂ ಸೇರಿಸಿ, ಮಗಳ ಮದುವೆಗಾಗಿ ತಲೆಯ ಮೇಲಿನ ರುಮಾಲನ್ನೂ ಮಾರಿ ಬರಿದಲೆಯಲ್ಲಿ ಹಂದರದ ಮೂಲೆಗೆ ನಿಂತ ಬಡ ತಂದೆಯೊಬ್ಬನನ್ನು ಅಲ್ಲಿಯೇ ಹುಟ್ಟಿಸಿದ. ಸಾಹುಕಾರರ ಕೈಯಲ್ಲಿದ್ದ ಚುಣಮುರಿ ಕೈಯಲ್ಲೇ ಉಳಿಯಿತು.

"ನಮ್ಮಪ್ಪನೂ ರುಮಾಲಿನ ಮನಶ್ಯಾನೇ," ಎಂದರು, ಮೂಗು ಒರೆಸಿಕೊಂಡು. "ನಿಶ್ಚಯ ನಮ್ಮ ಮನಿಯೊಳಗೇ ಮಾಡೂನ್ರಿ ಬೀಗರ. ಅಪ್ಪನ ಫೋಟೋದ ಮುಂದ ನಿಂತು ನೀವು ಆ ಕಥಿ ಓದಬೇಕು. ಬಾಯಿಲೆ ಹೇಳಿದ್ದು ಬ್ಯಾಡ, ಅಚ್ಚಾದದ್ದೇ ತರ್ರಿ."

ಹೆಣ್ಣಿನ ಮನೆ ಬಿಟ್ಟು ಗಂಡಿನ ಮನೆಯಲ್ಲಿ ನಿಶ್ಚಯವೇ ಎಂದು ಓಣಿಯವರು ಮೂಗು ಮುರಿದರು. ಸಾಬಮ್ಮ ಇನ್ನೊಂದು ದಾರಿಯನ್ನು ಮೊದಲೇ ನೋಡಿಟ್ಟಿದ್ದಳು. ಕುಂಚಾವರಂನಲ್ಲಿ ಅವಳ ತಮ್ಮನಿದ್ದ. ಹೆಂಡತಿ ತೀರಿಹೋಗಿದ್ದಳು, ಕೂದಲು ಅರ್ಧ ಬೆಳ್ಳಗಾಗಿತ್ತು, ಹಬ್ಬಹಬ್ಬಕ್ಕೆ ಒಂದು ತಂಬಿಗೆ ಜೇನುತುಪ್ಪ ತಂದಿಟ್ಟು ಅಕ್ಕನ ಮಗಳು ಎಷ್ಟು ಬೆಳೆದಳೆಂದು ನೋಡಿ ಹೋಗುತ್ತಿದ್ದ. ಶಹಾಬಾದಿನದು ತಪ್ಪಿದರೆ ಅವನೇ ಗಟ್ಟಿ ಎಂದು ಸಾಬಮ್ಮ ಬಾಯಿಬಿಟ್ಟೇ ಹೇಳಿದಳು. ಅವತ್ತು ಸಂಜೆ ಗುರುದೇವಿ ಅಪ್ಪನ ಎದುರಿಗೆ ಬಂದು ಕೂತಳು.

"ಅಪ್ಪಾ, ಆ ಕಥಿ ನೀ ಬರದೀಯೋ ಇಲ್ಲೋ ನಾ ಕೇಳಂಗಿಲ್ಲ. ಎಲ್ಲೆರ ಇರ್ಲಿ, ಹುಡುಕಿ ತಗೊಂಡು ಬಾ. ಕುಂಚಾವರಂಕ ನಾ ಹೋಗಂಗಿಲ್ಲ."

ಅಂಬಾರಾಯ ಮರುದಿನವೇ ರಜೆ ಹಾಕಿ ಚಿಂಚೋಳಿಯ ಬಸ್ಸು ಹತ್ತಿದ. ಗೊಲ್ಲಾಳಪ್ಪನವರು ಅಂಗಳದಲ್ಲಿ ಆರಾಮ ಕುರ್ಚಿ ಹಾಕಿಕೊಂಡು, ಯಾರಾದರೂ ಬಂದು ತಮ್ಮ ಪುಸ್ತಕದ ಬಗ್ಗೆ ಕೇಳಲೆಂದೇ ಕಾಯುತ್ತಿದ್ದರು. ಬಂದವನು ಯಾರು, ಎಲ್ಲಿಯವನು ಎಂದು ವಿಚಾರಿಸುವ ಗೊಡವೆಗೆ ಹೋಗದೆ ಮೊದಲ ಅಧ್ಯಾಯದಿಂದ ಓದತೊಡಗಿದರು. ತೊಟ್ಟಿಲು ಆಯಿತು, ಮುಂಜಾನೆಯ ಶಾಲೆ ಆಯಿತು, ಮೊದಲ ನೌಕರಿ, ಮೊದಲ ವರ್ಗಾವಣೆ, ಆ ವರ್ಗಾವಣೆಯಲ್ಲಿ ಆದ ಅನ್ಯಾಯ ಎಲ್ಲ ಆಯಿತು. ನೆರಳು ಕಟ್ಟೆಯಿಂದ ಬಾವಿಯವರೆಗೆ ಹೋದ ಮೇಲೆ ಅಂಬಾರಾಯನಿಗೆ ಬಾಯಿ ತೆರೆಯಲು ಸಂದು ಸಿಕ್ಕಿತು. ರುಮಾಲಿನ ಕಥೆಯಲ್ಲಿ ಏನಿತ್ತು ಎಂದು ಕೇಳಿದ.

"ಕಣ್ಣೀರು ಬಂದದ್ದು ನೆನಪದ," ಎಂದರು ಗೊಲ್ಲಾಳಪ್ಪನವರು. "ಯಾಕ ಬಂತು ಅನ್ನೋದು ನೆನಪಿಲ್ಲ."

ಪತ್ರಿಕೆ ಮಾತ್ರ ಚಿತ್ತಾಪುರದಲ್ಲಿ ಅಚ್ಚಾಗುತ್ತಿತ್ತೆಂದು ಹೇಳಿದರು. ನಮ್ಮ ಭಾಗ ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ, ಕನ್ನಡದ ಉತ್ಸಾಹದಲ್ಲಿ ಹುಟ್ಟಿ, ಉತ್ಸಾಹ ಇಳಿದೊಡನೆ ನಿಂತುಹೋದ ಪತ್ರಿಕೆ ಅದು. ಅಂಬಾರಾಯ ಚಿತ್ತಾಪುರಕ್ಕೆ ಹೋದ. ಪ್ರೆಸ್ಸು ಇನ್ನೂ ಇತ್ತು, ಈಗ ಅಲ್ಲಿ ಲಗ್ನಪತ್ರಿಕೆ ಬಿಟ್ಟು ಬೇರೇನೂ ಅಚ್ಚಾಗುತ್ತಿರಲಿಲ್ಲ. ಹಳೆಯ ಸಂಚಿಕೆಗಳೆಲ್ಲ ಜಾಗ ತಿನ್ನುತ್ತಿದ್ದವೆಂದು ವಾಡಿಯ ರದ್ದಿ ವ್ಯಾಪಾರಿ ಬಾಬುಮಿಯಾನಿಗೆ ತೂಕಕ್ಕೆ ಹಾಕಿದ್ದಾಗಿ ಪ್ರೆಸ್ಸಿನವನು ಹೇಳಿದ.

ವಾಡಿ ಸ್ಟೇಷನ್ನಿನ ಹೊರಗೆ ಬಾಬುಮಿಯಾನ ಅಂಗಡಿ. ಭಜಿ ಮಾರುವವರಿಗೆಲ್ಲ ಅವನದೇ ಕಾಗದ. ಪತ್ರಿಕೆಯ ಹೆಸರು ಕೇಳಿದೊಡನೆ ಅವನು ಅಟ್ಟ ಹತ್ತಿ, ಧೂಳು ಕವಿದ ಒಂದು ಗಂಟನ್ನು ಕೆಳಗೆ ನೂಕಿದ. ಈ ಕಾಗದ ಎಣ್ಣೆ ಬಹಳ ಕುಡಿಯುತ್ತದೆಂದು ಯಾವ ಭಜಿಯವನೂ ಮುಟ್ಟಿಲ್ಲ, ಹಾಗಾಗಿ ಉಳಿದಿದೆ ಎಂದು ವಿವರಿಸಿದ. ಒಂದು ಘನವಾದ ಪತ್ರಿಕೆ ಉಳಿದುಬಂದ ಬಗೆ ಇದು. ಅಂಬಾರಾಯ ಒಂದೊಂದೇ ಸಂಚಿಕೆ ಬಿಡಿಸಿದ. ಗಂಟಿನ ತಳದಲ್ಲಿ 'ರುಮಾಲು' ಇತ್ತು. ಅವನು ಅದನ್ನು ಎದೆಗೆ ಒತ್ತಿಕೊಂಡು, ಇದು ತನ್ನ ಕಥೆಯೆಂದು ಬಾಬುಮಿಯಾನಿಗೂ ಹೇಳಿದ. ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು. ಬಾಬುಮಿಯಾ ಹೆಸರನ್ನು ಅಕ್ಷರ ಕೂಡಿಸಿಕೊಂಡು ಓದಿ, ಎಲ್ಲಿರುತ್ತೀರಿ ಎಂದು ಕೇಳಿದ. ಸೇಡಂ ಎಂದು ಅಂಬಾರಾಯ ಹೇಳಿದ.

"ಸೇಡಂದಾಗ ಇರಾಂವಗ ಸೇಡಂ ಅಂತ ಯಾರು ಕರೀತಾರ್ರಿ ಸಾಬ್?" ಎಂದ ಬಾಬುಮಿಯಾ. "ಊರ ಬಿಟ್ಟಾಂವಗ ಊರಿನ ಹೆಸರು. ನಮ್ಮ ವಾಡಿಯೊಳಗ ವಾಡಿ ಅನ್ನೋ ಅಡ್ಡಹೆಸರಿನಾಂವ ಒಬ್ಬನೂ ಇಲ್ಲ."

ಅಂಬಾರಾಯನ ಅಡ್ಡಹೆಸರು ಕೋಡ್ಲಾ, ಅಜ್ಜ ಕೋಡ್ಲಾದಿಂದ ಬಂದವನು. ಇದು ಸೇಡಂನ ಎಳೆಯ ಕೂಸಿಗೂ ಗೊತ್ತಿರುವ ಸಂಗತಿ. ಒಬ್ಬ ಸಾಹಿತಿ ಸಿಕ್ಕನೆಂಬ ಸಂಭ್ರಮದಲ್ಲಿ ಇಡೀ ಊರು ಅದನ್ನು ಮರೆತಿತ್ತು. ಅಂದರೆ ನಿಜವಾದ ಅಂಬಾರಾಯ ಸೇಡಂ ಎಲ್ಲೋ ಇದ್ದಾನೆ, ಹತ್ತಿರದ ಊರಲ್ಲೇ ಇದ್ದರೂ ಇದ್ದಾನೆ. ನಿಶ್ಚಯದ ದಿನ ಬಂದು ನಿಂತರೆ ಏನು ಗತಿ ಎಂದುಕೊಳ್ಳುತ್ತ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಕಥೆ ಓದಿದ. ಓದಿದ ಮೇಲೆ, ಅವನು ಬಂದು ನಿಂತಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಕಥೆಯಲ್ಲಿ ಬಡ ತಂದೆ ಇರಲಿಲ್ಲ. ಶಹಾಬಾದಿನ ಒಬ್ಬ ಫರಸಿ ಸಾಹುಕಾರನಿದ್ದ. ಜಿಪುಣ. ಮಗನ ಮದುವೆಗೆ ಸೇಡಂಗೆ ಬರುತ್ತಾನೆ. ಬೀಗರ ಮನೆಯ ಹೋಳಿಗೆ ಬಹಳ ಚೆನ್ನಾಗಿವೆ, ನಾಳೆ ಬೆಳಗಿನ ನಾಷ್ಟಾಕ್ಕೂ ಆದಾವೆಂದು ಯಾರಿಗೂ ಕಾಣದಂತೆ ನಾಲ್ಕಾರನ್ನು ತನ್ನ ರುಮಾಲಿನ ಸುತ್ತಿನೊಳಗೆ ಇಟ್ಟುಕೊಳ್ಳುತ್ತಾನೆ. ಅಕ್ಕಿಕಾಳು ಬಿದ್ದ ಮೇಲೆ ದೇವರ ಕೋಣೆಯಲ್ಲಿ ಮಠದ ಸ್ವಾಮಿಗಳ ಪಾದಕ್ಕೆ ಬಗ್ಗಿದಾಗ ರುಮಾಲು ಜಾರಿ, ತುಪ್ಪ ಸವರಿದ ಹೋಳಿಗೆಗಳು ಒಂದೊಂದಾಗಿ ಸ್ವಾಮಿಗಳ ಪಾದದ ಮೇಲೆ ಬೀಳುತ್ತವೆ. ಸ್ವಾಮಿಗಳು ಅದನ್ನು ಭಕ್ತಿಯ ಕಾಣಿಕೆಯೆಂದು ತಿಳಿದು ಆಶೀರ್ವಾದ ಮಾಡುತ್ತಾರೆ. ಕೊನೆಗೆ ಒಂದು ನಾಯಿ ಹೊಕ್ಕು ಹೋಳಿಗೆ ಕಚ್ಚಿಕೊಂಡು ಓಡುತ್ತದೆ. ಅಮೃತಪ್ಪ ಸಾಹುಕಾರರ ಹೆಂಡತಿಯ ತವರು ಸೇಡಂ. ಮದುವೆ ಅಲ್ಲೇ ಆದದ್ದು. ರುಮಾಲಿನ ಮನುಷ್ಯ ಯಾರೆಂದು ತಿಳಿಯಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಆ ಕಥೆಯನ್ನು ನಗದೆ ಓದಿದವನು ಲೋಕದಲ್ಲಿ ಅಂಬಾರಾಯ ಒಬ್ಬನೇ ಇರಬೇಕು.

ಅಲ್ಲಿಯವರೆಗೆ ಬರೆದವನೆಂದು ತೋರಿಸಿಕೊಳ್ಳಲು ಓಡಾಡಿದವನು ಈಗ ಬರೆದಿಲ್ಲವೆಂದು ತೋರಿಸಿಕೊಳ್ಳಲು ಓಡಾಡತೊಡಗಿದ. ಕಚೇರಿಯಲ್ಲಿ, ಆ ಕಥೆ ನನ್ನದಲ್ಲ ಎಂದು ನಿಂತು ಹೇಳಿದ. ಶಿರಸ್ತೇದಾರರು ಮೆಚ್ಚಿ ತಲೆಯಾಡಿಸಿದರು, ದೊಡ್ಡವರ ವಿನಯ ಹೀಗೇ ಇರುತ್ತದೆ ಎಂದರು. ತಹಶೀಲ್ದಾರರು ಆ ವಿನಯಕ್ಕಾಗಿಯೇ ಒಂದು ಶಾಲು ಹೊದಿಸುವ ಯೋಚನೆ ಮಾಡಿದರು. ಮರೆಮ್ಮ ಮಾತ್ರ, ನೆಗೆಣ್ಣಿಯ ಕಥೆ ಬರೆಯುವುದನ್ನು ತಪ್ಪಿಸಿಕೊಳ್ಳಲು ಹೀಗೆ ಮಾಡುತ್ತಿದ್ದಾನೆಂದು ಜಗಳ ತೆಗೆದಳು. ಬೇರೆ ದಾರಿ ಕಾಣದೆ, ಸಾಹುಕಾರರ ಕಾಲಿಗೇ ಬಿದ್ದು ಇದ್ದದ್ದು ಇದ್ದಂತೆ ಹೇಳಿಬಿಡಬೇಕೆಂದು ಅಂಬಾರಾಯ ಪತ್ರಿಕೆಯನ್ನು ಕೈಚೀಲದಲ್ಲಿಟ್ಟುಕೊಂಡು ಶಹಾಬಾದಿಗೆ ಹೋದ.

ಸಾಹುಕಾರರು ಖಣಿಗೆ ಹೋಗಿದ್ದರು. ಅವರ ಹೆಂಡತಿ ಭಾಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಡುಗೆ ಮನೆಯ ಬಾಗಿಲಲ್ಲಿ ಮಣೆ ಹಾಕಿಸಿ ಕೂರಿಸಿದಳು.

"ಕಥಿ ಸಿಕ್ಕಿತೇನ್ರಿ ಅಣ್ಣಾರ?" ಎಂದು ಕೇಳಿದಳು.

ತಂದಿರಾ ಎಂದಲ್ಲ, ಸಿಕ್ಕಿತೇ ಎಂದು. ಹಾಗೆ ಯಾರೂ ಕೇಳಿರಲಿಲ್ಲ. ಅಂಬಾರಾಯನಿಗೆ ಸುಳ್ಳು ಹೇಳುವ ಶಕ್ತಿಯೇ ಉಳಿದಿರಲಿಲ್ಲ, ಪತ್ರಿಕೆ ತೆಗೆದು ಕೊಟ್ಟ. ಭಾಗಮ್ಮ ಕೈ ತೊಳೆದು, ಸೆರಗಿಗೆ ಒರೆಸಿ, ಒರೆಸಿದ ಕೈಯನ್ನೇ ಇನ್ನೊಮ್ಮೆ ಒರೆಸಿ ಅದನ್ನು ತೆಗೆದುಕೊಂಡಳು. ಬಹಳ ಹೊತ್ತು ಓದಲಿಲ್ಲ. ಹೆಸರಿನ ಮೇಲೆ ಬೆರಳಾಡಿಸುತ್ತ ನಿಂತಳು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

"ಅಚ್ಚಾದದ್ದು ಇವತ್ತೇ ನೋಡಾಕತ್ತೀನಿ," ಎಂದಳು. "ಅಂಬಾರಾಯ ನಮ್ಮಣ್ಣ. ಅಂವಗ ಓದಾಕ ಬರ್ತಿದ್ದಿಲ್ಲ, ತನ್ನ ಹೆಸರು ಹಾಕಿದ್ರ ಗೊತ್ತಾಗಂಗಿಲ್ಲ ಅಂತ ಹಾಕಿದೆ. ಸೇಡಂ ಬಿಟ್ಟು ಬಂದಾಕಿ ನಾನು, ಅದಕ್ಕ ಸೇಡಂ. ನಮ್ಮ ಮನಿ ಪತ್ತಾ ಕೊಡಲಿಕ್ಕಿ ಅಂಜಿಕಿ, ಹಿಂಗಾಗಿ ಪುಸ್ತಕ ಬರಲಿಲ್ಲ."

ಆಮೇಲೆ ನಿಂತಲ್ಲೇ ಓದಿದಳು. ಓದುತ್ತ ಓದುತ್ತ ಸೆರಗನ್ನು ಬಾಯಿಗೆ ತುರುಕಿಕೊಂಡಳು, ಭುಜ ಅಲುಗಾಡಿದವು, ಕಣ್ಣಿಂದ ನೀರಿಳಿದು ಹಿಟ್ಟಿನ ಪರಾತದಲ್ಲಿ ಬಿತ್ತು. ಇನ್‌ಸ್ಪೆಕ್ಟರು ಸುರಿಸಿದ ಕಣ್ಣೀರು ಯಾವ ಜಾತಿಯದೆಂದು ಅಂಬಾರಾಯನಿಗೆ ಆಗ ತಿಳಿಯಿತು. ಆ ಹೆಂಗಸಿನ ಮೇಲೆ ಅವನಿಗೆ ಒಮ್ಮೆಲೆ ಕನಿಕರ ಉಕ್ಕಿತು. ಇಂಥದ್ದನ್ನು ಬರೆದು, ಇಷ್ಟು ವರ್ಷ ಅದರ ಅಚ್ಚಿನ ಮುಖ ನೋಡದೆ ರೊಟ್ಟಿ ಬಡಿಯುತ್ತ ಇದ್ದಳಲ್ಲ ಎನಿಸಿತು. ಸಾಹುಕಾರರಿಗೆ ಗೊತ್ತಾದರೆ ಹೇಗೆ ಎಂದು ಕೇಳಿದ. ತನ್ನನ್ನು ತವರಿಗೆ ಕಳಿಸಿಬಿಡುತ್ತಾರೆ, ಅಪ್ಪನೆಂದರೆ ಅವರಿಗೆ ದೇವರು ಎಂದು ಭಾಗಮ್ಮ ನಗು ನಿಲ್ಲಿಸಿ ಹೇಳಿದಳು. ಪತ್ರಿಕೆಯನ್ನು ಹಿಟ್ಟಿನ ಡಬ್ಬಿಯ ತಳಕ್ಕೆ ಇಟ್ಟಳು.

"ಹೆಸರು ಹೊತ್ತೀರಿ, ಹೊತ್ಕೊಂಡೇ ಇರ್ರಿ. ನೀವು ಅವರಿಗಿ ಹೇಳಿದ ಕಥೀನೇ ನಾ ಮಾಡಿ ಹೇಳ್ತೀನಿ, ಬರಕೋರಿ. ನಿಮ್ಮ ಹುಡಗಿ ಈ ಮನಿಗಿ ಬರಲಿ."

ಮಗಳಿಗಾಗಿ ರುಮಾಲು ಮಾರಿದ ಬಡ ತಂದೆಯನ್ನು ಅವಳು ರೊಟ್ಟಿ ಬಡಿಯುತ್ತಲೇ ಹೇಳಿ ಮುಗಿಸಿದಳು. ಬರೆದುಕೊಳ್ಳುವಾಗ ಅಂಬಾರಾಯನಿಗೇ ಅಳು ಬಂತು. ಅಚ್ಚಾದದ್ದೇ ಬೇಕಲ್ಲ, ಅದಕ್ಕೆ ಚಿತ್ತಾಪುರದ ಪ್ರೆಸ್ಸಿನವನ ಕೈಕಾಲು ಹಿಡಿದ. ಅವನ ಹತ್ತಿರ ಇದ್ದದ್ದು ಲಗ್ನಪತ್ರಿಕೆಯ ಸರಂಜಾಮು ಮಾತ್ರ. ಹೀಗಾಗಿ ಕನ್ನಡದ ಆ ದುಃಖದ ಕಥೆ ಸುತ್ತ ಬಳ್ಳಿಯ ಅಂಚು, ಮೇಲೆ ಶ್ರೀಗುರುಬಸವಲಿಂಗಾಯ ನಮಃ, ಎರಡು ಮಗ್ಗುಲಲ್ಲಿ ಬಾಳೆಕಂಬಗಳ ಸಮೇತ ಹಳದಿ ಕಾಗದದ ಮೇಲೆ ಅಚ್ಚಾಯಿತು.

ನಿಶ್ಚಯದ ದಿನ ಸಾಹುಕಾರರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಮೇಲೆ ಹಿರಿಯ ಸಾಹುಕಾರರು ದೊಡ್ಡ ರುಮಾಲು ಸುತ್ತಿಕೊಂಡು ಹಾರದೊಳಗಿಂದ ನೋಡುತ್ತಿದ್ದರು. ಅವರ ಕೆಳಗೆ, ಮುಖ್ಯ ಅತಿಥಿಯ ಕುರ್ಚಿಯಲ್ಲಿ ಗೊಲ್ಲಾಳಪ್ಪನವರು. ಸಾಹಿತಿಯನ್ನು ಬೆಳಕಿಗೆ ತಂದವರೆಂದು ಸಾಹುಕಾರರು ಯಾರಿಗೂ ಹೇಳದೆ ಜೀಪು ಕಳಿಸಿ ಚಿಂಚೋಳಿಯಿಂದ ಕರೆಸಿದ್ದರು. ಅಂಬಾರಾಯ ಅವರ ಕಡೆ ನೋಡದೆ ಹಳದಿ ಕಾಗದ ಬಿಡಿಸಿದ. ಓದಲು ನಿಂತ. ಭಾಗಮ್ಮನ ಮಾತುಗಳಿಗೆ ಕಸುವಿತ್ತು. ಬರಿದಲೆಯ ತಂದೆ ಹಂದರದ ಮೂಲೆಗೆ ಬರುವಷ್ಟರಲ್ಲಿ ಹೆಂಗಸರು ಮೂಗು ಸೀಟುತ್ತಿದ್ದರು, ಸಾಹುಕಾರರು ಬಿಕ್ಕುತ್ತಿದ್ದರು. ಇನ್ನೆರಡು ಸಾಲು ಓದಿದರೆ ಮುಗಿಯಿತು ಎನ್ನುವಾಗ ಗೊಲ್ಲಾಳಪ್ಪನವರು ಕೈ ಎತ್ತಿದರು.

"ಇದು ಆ ಕಥಿ ಅಲ್ಲ," ಎಂದರು. "ಇದನ್ನ ಕೇಳಿ ಅಳು ಬರಾಕತ್ತದ. ಅವತ್ತು ನಾ ಅತ್ತಿದ್ದಿಲ್ಲ, ನಕ್ಕಿದ್ದೆ. ನಕ್ಕು ನಕ್ಕು ಕಣ್ಣಾಗ ನೀರು ಬಂದಿದ್ದವು. ಈಗ ನೆನಪಾತು ನೋಡ್ರಿ."

ನೆನಪಾದದ್ದನ್ನು ಒಳಗಿಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಶಹಾಬಾದಿನ ಸಾಹುಕಾರ, ಸೇಡಂನ ಮದುವೆ, ರುಮಾಲಿನೊಳಗಿನ ಹೋಳಿಗೆ, ಸ್ವಾಮಿಗಳ ಪಾದ, ಎಲ್ಲವನ್ನೂ ಅಭಿನಯಿಸಿ ಹೇಳಿದರು. ಬಗ್ಗಿ ತೋರಿಸಿದರು ಕೂಡ. ಯಾರೂ ನಗಲಿಲ್ಲ. ಕೂತವರೆಲ್ಲ ಒಮ್ಮೆ ಗೋಡೆಯ ಮೇಲಿನ ರುಮಾಲು ನೋಡಿದರು, ಆಮೇಲೆ ನೆಲ ನೋಡಿದರು. ಅಮೃತಪ್ಪ ಸಾಹುಕಾರರು ಕಣ್ಣೀರು ಒರೆಸಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ನಿಂತರು.

"ಅದನ್ನ ಬರದಾಂವ ಯಾರು?" ಎಂದು ಕೇಳಿದರು.

ಅಂಬಾರಾಯ ಅಡುಗೆ ಮನೆಯ ಬಾಗಿಲ ಕಡೆ ನೋಡಿದ. ಭಾಗಮ್ಮ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಬೆನ್ನ ಹಿಂದೆ ದಂಡೆ ಮುಡಿದ ಗುರುದೇವಿ. ನಾ ಬರೆದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನಿಗೆ, ಅದನ್ನು ಎಲ್ಲರೂ ನಂಬುವ ಘಳಿಗೆ ಈಗ ಬಂದಿತ್ತು. ಬರೆದವಳ ಹೆಸರೂ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ತಾನು ಪಾರು, ಬಹುಶಃ ಮಗಳ ಸಂಬಂಧವೂ ಪಾರು. ಇಪ್ಪತ್ತು ವರ್ಷದ ಮೇಲೆ ತನ್ನ ಕಥೆ ತಾನು ನೋಡಿ ನಕ್ಕ ಒಬ್ಬಳು ಮಾತ್ರ ಬೀದಿಗೆ ಬೀಳುತ್ತಾಳೆ. ಅಂಬಾರಾಯ ಹೆದರುಪುಕ್ಕಲ, ಅದರಲ್ಲಿ ಎರಡು ಮಾತಿಲ್ಲ. ಆದರೂ ಹಳದಿ ಕಾಗದ ಮಡಚಿ ಜೇಬಿಗಿಟ್ಟುಕೊಂಡ.

"ನಾನೇ ಬರದೀನ್ರಿ," ಎಂದ.

ಸಾಬಮ್ಮ ಹಣೆ ಹಣೆ ಬಡಿದುಕೊಂಡಳು. ಕುಂಚಾವರಂನಿಂದ ಬಂದಿದ್ದ ಅವಳ ತಮ್ಮ ಮೂಲೆಯಲ್ಲಿ ಕೂತಲ್ಲೇ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ.

ಸಾಹುಕಾರರು ಅಂಬಾರಾಯನ ಹತ್ತಿರ ಬಂದರು. ಹೊಡೆಯುತ್ತಾರೆಂದು ಅವನು ಕಣ್ಣು ಮುಚ್ಚಿದ. ಅವರು ಹೊಡೆಯಲಿಲ್ಲ, ತಗ್ಗಿದ ದನಿಯಲ್ಲಿ ಮಾತಾಡಿದರು.

"ಆ ದೇವರ ಖೋಲಿಯೊಳಗ ನೀವು ಇದ್ದಿದ್ದಿಲ್ಲ."

"ಇದ್ದಿದ್ದಿಲ್ರಿ."

"ಸ್ವಾಮೇರು ಇದ್ರು, ನಮ್ಮಪ್ಪ ಇದ್ದ, ನಾ ಇದ್ದೆ," ಎಂದು ಸಾಹುಕಾರರು ಅಲ್ಲಿಗೇ ನಿಂತರು. ಇನ್ನೊಬ್ಬರು ಇದ್ದರೆಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೆಲ್ಲಗೆ ತಿರುಗಿ ಅಡುಗೆ ಮನೆಯ ಬಾಗಿಲನ್ನು ನೋಡಿದರು. ಅಷ್ಟು ಹೊತ್ತು ಅವರು ಹೆಂಡತಿಯ ಮುಖವನ್ನು ಮದುವೆಯಾದ ಹೊಸದರಲ್ಲೂ ನೋಡಿರಲಿಕ್ಕಿಲ್ಲ. ಆಮೇಲೆ ಹೋಗಿ ತಮ್ಮ ಜಾಗದಲ್ಲಿ ಕುಸಿದು ಕೂತರು.

"ಕಡೀಕ ಏನಾತು ಅಂತ ಬರದೀರಿ?"

"ಬಿದ್ದ ಹೋಳಿಗಿ ನಾಯಿ ಕಚಗೊಂಡು ಹೋತು ಅಂತ ಅದರಿ," ಎಂದು ಅಂಬಾರಾಯ ತೊದಲಿದ.

"ನಾಯಿ ಬಂದೇ ಇಲ್ಲ," ಎಂದರು ಸಾಹುಕಾರರು. ಮಾತು ಅಂಬಾರಾಯನಿಗೆ, ಕಣ್ಣು ಬಾಗಿಲ ಮೇಲೆ. "ಮುಂಜಾನಿಂದ ಉಪಾಸ ಕುಂದ್ರಿಸಿದ್ರು ನನಗ. ಅಪ್ಪ, ಸ್ವಾಮೇರು ರುಮಾಲ ಎತ್ತಾಕ ಬಗ್ಗಿದ್ರು, ನಾ ಹೋಳಿಗಿ ಎತ್ತಿದೆ. ನಿಂತಲ್ಲೇ ತಿಂದೆ. ಇಲ್ಲೀತನಕ ಯಾರ ಮುಂದೂ ಹೇಳಿಲ್ಲ. ಮಗ್ಗಲಕ ಇದ್ದಾಕಿ ಸೈತ ನೋಡಲಿಲ್ಲ, ಅಷ್ಟರಾಗ ಮಾರಿಮ್ಯಾಲ ಸೆರಗ ಎಳಕೊಂಡಿದ್ಲು."

ಬಾಗಿಲ ಹಿಂದೆ ಯಾರೋ ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ತಡೆಯಲಾಗದ ಸದ್ದು ಕೇಳಿಸಿತು. ಅದರ ಹಿಂದೆ ಗೊಲ್ಲಾಳಪ್ಪನವರು ನಕ್ಕರು. ಇಷ್ಟು ವರ್ಷ ಹಿರಿಯ ಸಾಹುಕಾರರ ಜಿಪುಣತನ ಗೊತ್ತಿದ್ದೂ ಹಲ್ಲು ಕಚ್ಚಿಕೊಂಡಿದ್ದ ಶಹಾಬಾದಿನ ಹಿರಿಯರೆಲ್ಲ ಒಂದೇ ಸಲಕ್ಕೆ ಬಿಟ್ಟರು, ಪಡಸಾಲೆ ಅದುರಿತು. ಸಾಹುಕಾರರು ನಗಲಿಲ್ಲ. ನಗದಿರಲು ಅವರು ಪಡುತ್ತಿದ್ದ ಕಷ್ಟ ಮೀಸೆಯ ಮೇಲೆ ಕಾಣುತ್ತಿತ್ತು. ಸಕ್ಕರೆಯ ತಾಟು ತರಿಸಿ, ಒಂದು ಹಿಡಿ ತುಂಬ ತೆಗೆದು ಬೀಗರ ಬಾಯಿಗೆ ಹಾಕಿದರು.

"ಆ ನಾಯಿ ತಗದು ನನ್ನ ಹಾಕ್ರಿ," ಎಂದರು. "ತಿದ್ದಿ ಬರೀರಿ."

"ಆಗಲಿ, ತಿದ್ದತೀನಿ," ಎಂದು ಉತ್ತರ ಬಂದದ್ದು ಅಡುಗೆ ಮನೆಯ ಒಳಗಿನಿಂದ. ಉತ್ತರ ಕೊಡಬೇಕಾದವನು ಅಂಬಾರಾಯನಲ್ಲವೇ ಎಂದು ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಅವನ ಬಾಯಿ ತುಂಬ ಸಕ್ಕರೆ ಇತ್ತು.